ಅಪ್‌ಡೇಟ್ ಅಣ್ಣನ ಸೊನ್ನೆ

ನಮ್ಮನೆಯವರಿಗೆ ಬೀದಿಯಲ್ಲಿ ಅಪ್‌ಡೇಟ್ ಅಣ್ಣ ಅಂತ ಹೆಸರು. ಪ್ರೀತಿಯಿಂದ ಇಟ್ಟಿದಾರೆ ಅಂತ ಅವರು ತಿಳ್ಕೊಂಡಿದಾರೆ, ನಾನೂ ತಿದ್ದೋಕೆ ಹೋಗಿಲ್ಲ. ಯಾರಾದ್ರೂ ಫೋನ್ ಹಿಡ್ಕೊಂಡು ಎದುರು ಬಂದ್ರೆ ಸಾಕು, "ಅಪ್‌ಡೇಟ್ ಮಾಡಿದ್ರಾ?" ಅಂತ ಕೇಳ್ತಾರೆ. ಮಾಡಿದೀನಿ ಅಂದ್ರೆ "ಅಯ್ಯೋ, ಯಾಕ್ ಮಾಡಿದ್ರಿ" ಅಂತಾರೆ. ಮಾಡಿಲ್ಲ ಅಂದ್ರೆ "ಇನ್ನೂ ಯಾಕ್ ಮಾಡಿಲ್ಲ" ಅಂತಾರೆ. ಎರಡಕ್ಕೂ ಅವರ ಹತ್ರ ಅರ್ಧ ಗಂಟೆಯ ವಿವರಣೆ ರೆಡಿ ಇರತ್ತೆ. ಜನ ಈಗ ಅವರನ್ನ ಕಂಡ್ರೆ ಫೋನ್ ಜೇಬಿಗೆ ಹಾಕ್ಕೊಂಡೇ ನಮಸ್ಕಾರ ಹೇಳೋದು.

ಮುಖ್ಯರಸ್ತೆಯ ಜೆರಾಕ್ಸ್ ಅಂಗಡಿಯ ಹಿಂದುಗಡೆ ಅವರದ್ದೊಂದು ಮೇಜು. ಕಂಪ್ಯೂಟರ್ ರಿಪೇರಿ. ಹೊಟ್ಟೆ ಬಿಚ್ಚಿದ ಲ್ಯಾಪ್‌ಟಾಪ್‌ಗಳು, ಸ್ಕ್ರೂ ಹಾಕಿಡೋಕೆ ನಮ್ಮತ್ತೆಯ ಖಾಲಿ ಮಾತ್ರೆ ಡಬ್ಬಿಗಳು, ಗೋಡೆಗೆ ಅಂಟಿಸಿದ ಒಂದು ಚೀಟಿ: "ಪಾಸ್‌ವರ್ಡ್ ನನಗೆ ಹೇಳಬೇಡಿ." ಬಂದವರೆಲ್ಲ ಆ ಚೀಟಿ ಓದ್ತಾ ಓದ್ತಾನೇ ಪಾಸ್‌ವರ್ಡ್ ಹೇಳ್ತಾರೆ. ಇವರು ಕಿವಿ ಮುಚ್ಚಿಕೊಳ್ತಾರೆ. ಇಪ್ಪತ್ತು ವರ್ಷದಿಂದ ಇದೇ ನಡೀತಿದೆ.

ಅವರ ಅಭಿಪ್ರಾಯಗಳಿಗೆ ಬರಗಾಲ ಅನ್ನೋದೇ ಇಲ್ಲ. "ಒಪ್ಪುತ್ತೇನೆ" ಅನ್ನೋ ಬಟನ್ ಒತ್ತೋ ಮೊದಲು ಅದರ ಮೇಲಿರೋ ಷರತ್ತನ್ನೆಲ್ಲ ಓದೋ ಮನುಷ್ಯ ಭೂಮಿ ಮೇಲೆ ಇವರೊಬ್ಬರೇ ಇರಬೇಕು. ಹೊಸ ವಾಷಿಂಗ್ ಮೆಷಿನ್ ತಂದಾಗ ಅದು ಖಾತೆ ತೆರೀರಿ, ಹುಟ್ಟಿದ ದಿನ ಹೇಳಿ ಅಂತು. "ನನ್ನ ಬನಿಯನ್ ಒಗೆಯೋಕೆ ನನ್ನ ಹುಟ್ಟಿದ ದಿನ ಯಾಕೆ?" ಅಂತ ಇವರು ಕಂಪನಿಗೆ ಪತ್ರ ಬರೆದ್ರು. ಕಂಪನಿ ಉತ್ತರ ಕೊಡೋವರೆಗೂ ಮೆಷಿನ್ ಆನ್ ಮಾಡಬಾರ್ದು ಅಂತ ಹಟ. ಮೂರು ವಾರ ಕೈಯಲ್ಲಿ ಒಗೆದವಳು ನಾನು. ನಾಲ್ಕನೇ ವಾರ ನಾನೇ ಒಂದು ಸುಳ್ಳು ದಿನಾಂಕ ಹಾಕಿ ಆನ್ ಮಾಡಿದೆ. ಮೆಷಿನ್ನಿನ ಲೆಕ್ಕದಲ್ಲಿ ಈ ಮನೆಯ ಯಜಮಾನನಿಗೆ ಈಗ ನೂರಾ ಹದಿನಾಲ್ಕು ವರ್ಷ.

ರಾಜಕೀಯದ ವಿಷಯಕ್ಕೆ ಬಂದ್ರೆ ಎರಡೂ ಪಕ್ಷಕ್ಕೂ ಸಮ ಪೂಜೆ. "ಇವರು ಸುಳ್ಳು ಹೇಳ್ತಾರೆ, ಅವರು ಅದೇ ಸುಳ್ಳನ್ನ ಗ್ರಾಫ್ ಹಾಕಿ ಹೇಳ್ತಾರೆ" ಅಂತಾರೆ. ನಮ್ಮ ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ನೂರಾ ಅರವತ್ತು ಜನ. ಒಂದು ಕಡೆಗೆ ನಿವೃತ್ತ ಎಂಜಿನಿಯರ್, ಇನ್ನೊಂದು ಕಡೆಗೆ ಮೆಡಿಕಲ್ ಶಾಪಿನವರು. ಇಬ್ಬರೂ ಬೆಳಗ್ಗೆ ಗುಲಾಬಿ ಹೂವಿನ ಚಿತ್ರ ಹಾಕಿ ಶುಭೋದಯ ಹೇಳ್ತಾರೆ, ಹತ್ತು ಗಂಟೆಗೆ ಶುರುವಾಗತ್ತೆ ಜಗಳ. ಮಧ್ಯದಲ್ಲಿ ಇವರು: "ಈ ವಿಡಿಯೋ ಆರು ವರ್ಷ ಹಳೇದು, ಬೇರೆ ದೇಶದ್ದು, ಮೂಲ ಇಲ್ಲಿದೆ." ಮೂಲ ಯಾರಿಗೆ ಬೇಕು? ಎಂಜಿನಿಯರ್ ಇವರನ್ನ ಆ ಪಕ್ಷದವನು ಅಂತಾರೆ, ಮೆಡಿಕಲ್ ಶಾಪಿನವರು ಈ ಪಕ್ಷದವನು ಅಂತಾರೆ. ಇವರು ಊಟದ ತಟ್ಟೆ ಮುಂದೆ ಕೂತು ಅವರಿಗೆ ಉತ್ತರ ಟೈಪ್ ಮಾಡ್ತಾ ಇರ್ತಾರೆ. ಊಟ ಆರಿ ತಣ್ಣಗಾಗತ್ತೆ. ನನಗೆ ಮೈಯೆಲ್ಲ ಉರಿಯತ್ತೆ.

ಅವರದ್ದೊಂದು ಮಂತ್ರ ಇದೆ: "ಕಾಣೋಕೆ ಒಂದೇ ಥರ ಇದೆ ಅಂದ ಮಾತ್ರಕ್ಕೆ ಒಂದೇ ಅಲ್ಲ." ಯಾರೋ ಕಳ್ಳ ಲಿಂಕ್ ಒತ್ತಿ, "ನೋಡೋಕೆ ಬ್ಯಾಂಕಿನ ಸೈಟ್ ಥರಾನೇ ಇತ್ತು" ಅಂತ ಅಳ್ತಾ ಬಂದ್ರೆ ಮೊದಲು ಈ ಮಂತ್ರ ಆಗಬೇಕು, ರಿಪೇರಿ ಆಮೇಲೆ. ನೆನಪಿಟ್ಕೊಳ್ಳಿ, ಈ ಮಾತು ಮುಂದೆ ಬರತ್ತೆ.

ಇನ್ನು ನಮ್ಮತ್ತೆ. ಎಂಬತ್ತಮೂರು ವರ್ಷ. ಪ್ರಾಥಮಿಕ ಶಾಲೆಯಲ್ಲಿ ಮೂವತ್ತಾರು ವರ್ಷ ಅಕ್ಷರ ತಿದ್ದಿಸಿದವರು. ಆ ಕಾಲದಲ್ಲಿ ಮತದಾರರ ಪಟ್ಟಿ ಬರೆಯೋ ಕೆಲಸ ಮೇಷ್ಟ್ರುಗಳ ತಲೆಗೇ ಬೀಳ್ತಿತ್ತು. ಈ ವಾರ್ಡಿನ ಒಂದೊಂದು ಮನೆ ಬಾಗಿಲನ್ನೂ ತಟ್ಟಿ, ಒಂದೊಂದು ಹೆಸರನ್ನೂ ದುಂಡಗೆ ಬರ್ಕೊಂಡು ಬಂದವರು ಅವರು. ಓಟಿನ ದಿನ ಅಂದ್ರೆ ಅವರಿಗೆ ಇಸ್ತ್ರಿ ಮಾಡಿದ ಬಟ್ಟೆ ಆಗಬೇಕು, ಬೆಳಗ್ಗೆ ಏಳಕ್ಕೆ ಸಾಲಿನಲ್ಲಿ ನಿಂತಿರಬೇಕು. ಹೋದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿದಾಗ ಡಾಕ್ಟರನ್ನ ಕೇಳಿದ್ದು ಒಂದೇ ಪ್ರಶ್ನೆ: "ಮುಂದಿನ ವರ್ಷ ಓಟಿಗೆ ನಡ್ಕೊಂಡು ಹೋಗಬಹುದಾ?"

ಆ ಚುನಾವಣೆ ಈ ಸಲ ಬಂತು. ಹೊಸ ವ್ಯವಸ್ಥೆ ಅಂತ ಹಳೇ ಪಟ್ಟಿಯನ್ನ ಕಂಪ್ಯೂಟರ್ ಇನ್ನೊಂದು ದಾಖಲೆ ಜೊತೆ ತಾಳೆ ನೋಡಿ, ಹೊಂದದ ಹೆಸರನ್ನ ತೆಗೆದುಹಾಕಿತ್ತು. ಭಾನುವಾರ ಕರಡು ಪಟ್ಟಿ ಸೈಟಿಗೆ ಬಂತು. ಇವರು ಅಮ್ಮನ ಹೆಸರು ಟೈಪ್ ಮಾಡಿದ್ರು. ಇಲ್ಲ. ಇನ್ನೊಂದ್ಸಲ ಮಾಡಿದ್ರು. ಇಲ್ಲ. ತೆಗೆದುಹಾಕಿದವರ ಪಟ್ಟಿಯಲ್ಲಿ ನೋಡಿದ್ರೆ ಅಲ್ಲಿತ್ತು. ಪಕ್ಕದಲ್ಲಿ ಕಾರಣ ಅಂತ ಒಂದು ಪದ: "ಅಸ್ತಿತ್ವದಲ್ಲಿಲ್ಲ."

ಅತ್ತೆ ಭೂತಗನ್ನಡಿ ಹಿಡಿದು ಅದನ್ನ ಓದಿದ್ರು. ಎರಡು ಸಲ ಓದಿದ್ರು.

"ಸತ್ತಿದಾರೆ ಅಂತಾನಾದ್ರೂ ಬರೀಬಹುದಿತ್ತಲ್ಲೋ. ಇದೇನಿದು, ನಾನು ಇರಲೇ ಇಲ್ಲ ಅನ್ನೋ ಹಾಗೆ."

ಅಷ್ಟು ಹೇಳಿ ಒಳಗೆ ಹೋಗಿ ಮಲಗಿಬಿಟ್ರು. ಮಧ್ಯಾಹ್ನ ಮೂರು ಗಂಟೆಗೆ ಅವರು ಮಲಗಿದ್ದನ್ನ ನಾನು ಯಾವತ್ತೂ ನೋಡಿರಲಿಲ್ಲ. ನನಗೆ ಹೆದರಿಕೆ ಆಯ್ತು.

ನಮ್ಮ ವಾರ್ಡಿನಲ್ಲಿ ಹೀಗೆ ಹೋದವರು ನಾನೂರ ಹನ್ನೆರಡು ಜನ, ಹೆಚ್ಚುಕಮ್ಮಿ ಎಲ್ಲರೂ ಹಳಬರು. ಗ್ರೂಪಿಗೆ ಬೆಂಕಿ ಬಿತ್ತು. ಹಳಬರು ಯಾರಿಗೆ ಓಟು ಹಾಕ್ತಾರೆ ಅಂತ ಗೊತ್ತಿದ್ದೇ ತೆಗೆಸಿದಾರೆ ಅಂತ ಮೆಡಿಕಲ್ ಶಾಪಿನವರು. ಅವೆಲ್ಲ ಸುಳ್ಳು ಹೆಸರು, ತೊಳೆದಿದ್ದೇ ಸರಿ ಅಂತ ಎಂಜಿನಿಯರ್. ಹಾಗೆ ಬರೆದ ಹತ್ತು ನಿಮಿಷಕ್ಕೆ ತನ್ನ ಹೆಂಡತಿಯ ಹೆಸರೂ ಹೋಗಿದೆ ಅಂತ ಅವರಿಗೆ ಗೊತ್ತಾಯ್ತು. ಮಾತು ಮಾತ್ರ ಬದಲಾಯಿಸಲಿಲ್ಲ.

ಗುಟ್ಟು ಹಿಡಿದದ್ದು ಇವರಲ್ಲ, ಅತ್ತೆ. ಮಂಗಳವಾರ ಎದ್ದು ಕೂತು, ತೆಗೆದುಹಾಕಿದವರ ಪಟ್ಟಿ ಪ್ರಿಂಟ್ ಹಾಕಿಸಿಕೊಂಡು ಬಾ ಅಂದ್ರು. ಅಡುಗೆಮನೆ ಮೇಜಿನ ಮೇಲೆ ಹಾಜರಿ ಕರೆಯೋ ಹಾಗೆ ಒಂದೊಂದೇ ಹೆಸರು ಓದ್ತಾ ಹೋದ್ರು. ಮೂರನೇ ಹಾಳೆಗೆ ನಿಲ್ಲಿಸಿದ್ರು.

"ಎಲ್ಲರ ಹೆಸರಲ್ಲೂ ಸೊನ್ನೆ ಇದೆಯಲ್ಲೋ."

ಕ, ಕಾ, ಕಿ, ಕೀ ಕಲಿಯುವಾಗ ಕಂ ಬರತ್ತಲ್ಲ, ಆ ಸೊನ್ನೆ. ಅತ್ತೆಯ ಹೆಸರಿನ ಮಧ್ಯದಲ್ಲೂ ಅದಿದೆ. ಇವರು ಲ್ಯಾಪ್‌ಟಾಪ್ ಎಳ್ಕೊಂಡು ಆ ಪಟ್ಟಿಯ ಒಂದು ಹೆಸರನ್ನ ದೊಡ್ಡದು ಮಾಡಿ ನೋಡಿದ್ರು, ತೊಡೆ ತಟ್ಟಿ ಎದ್ದು ನಿಂತ್ರು. ನನ್ನನ್ನ ಕರೆದು ತೋರಿಸಿದ್ರು. "ಅಂಗಡಿ" ಅಂತ ಒಂದ್ಸಲ ಟೈಪ್ ಮಾಡಿದ್ರು, ಕೆಳಗೆ ಇನ್ನೊಂದ್ಸಲ "ಅ೦ಗಡಿ" ಅಂತ ಮಾಡಿದ್ರು. ನನಗೆ ಎರಡೂ ಒಂದೇ ಕಂಡವು. ಹುಡುಕೋ ಜಾಗದಲ್ಲಿ ಮೊದಲನೆಯದನ್ನ ಹಾಕಿದ್ರೆ ಎರಡನೆಯದು ಸಿಗಲೇ ಇಲ್ಲ.

"ಮೊದಲನೇದರಲ್ಲಿ ಇರೋದು ಅಕ್ಷರದ ಸೊನ್ನೆ. ಎರಡನೇದರಲ್ಲಿ ಅಂಕಿ ಸೊನ್ನೆ, ಒಂದು ಎರಡು ಮೂರರ ಹಿಂದೆ ಬರತ್ತಲ್ಲ, ಅದು. ಹೆಸರಿನ ಮಧ್ಯೆ ಅಂಕಿ ಇದ್ರೆ ಹೊಸ ಕಂಪ್ಯೂಟರ್ ಏನು ಮಾಡತ್ತೆ? ಇದು ಮನುಷ್ಯನ ಹೆಸರೇ ಅಲ್ಲ ಅಂತ ಕಿತ್ತು ಬಿಸಾಕತ್ತೆ. ಕಾಗದದ ಪಟ್ಟಿ ಇರೋವರೆಗೂ ಯಾರಿಗೂ ಗೊತ್ತಾಗಲಿಲ್ಲ, ಯಾಕಂದ್ರೆ ಕಣ್ಣಿಗೆ ಎರಡೂ ಒಂದೇ."

ಆಮೇಲೆ ಗ್ರೂಪಿಗೆ ಬರೆದ್ರು. ಬರೆದದ್ದನ್ನ ನಾನು ಇಟ್ಕೊಂಡಿದೀನಿ. "ಇದು ಪಿತೂರಿ ಅಲ್ಲ. ಪಿತೂರಿಗೆ ಬುದ್ಧಿ ಬೇಕು. ಹಿಂದೆ ಯಾವನೋ ಅರೆಬೆಂದ ಆಪರೇಟರ್ ಅಕ್ಷರದ ಜಾಗದಲ್ಲಿ ಅಂಕಿ ಕುಟ್ಟಿ ಹೋಗಿದಾನೆ. ಇಂಥವರ ಕೈಗೆ ಕೀಬೋರ್ಡ್ ಕೊಟ್ಟವರಿಗೆ ಮೊದಲು ಶಿಕ್ಷೆ ಆಗಬೇಕು." ಗ್ರೂಪ್ ಶುರುವಾಗಿ ಹನ್ನೆರಡು ವರ್ಷದಲ್ಲಿ ಮೊದಲನೇ ಸಲ ಇವರ ಮಾತಿಗೆ ಎರಡೂ ಕಡೆಯವರು ಹೆಬ್ಬೆರಳು ಎತ್ತಿದ್ರು. ವಿವರಣೆ ಯಾರೂ ಓದಿರಲಿಲ್ಲ, ಬೈಗುಳ ಎಲ್ಲರಿಗೂ ಇಷ್ಟ ಆಗಿತ್ತು. ಆ ಆಪರೇಟರ್ ಯಾವ ಪಕ್ಷದವನು ಪತ್ತೆ ಹಚ್ಚಿ ಅಂತ ಶುರುವಾಯ್ತು. ಇವರು ಆವತ್ತು ಎರಡು ಸಲ ಬಡಿಸಿಕೊಂಡು ಊಟ ಮಾಡಿದ್ರು.

ಗುರುವಾರ ನಾನು ಲ್ಯಾಬಿಗೆ ಅರ್ಧ ದಿನ ರಜ ಹಾಕಿ ಇವರ ಜೊತೆ ವಾರ್ಡ್ ಆಫೀಸಿಗೆ ಹೋದೆ. ನನ್ನದು ರಕ್ತ ಪರೀಕ್ಷೆಯ ಲ್ಯಾಬ್. ದಿನಾ ಇನ್ನೂರು ಟ್ಯೂಬಿಗೆ ಹೆಸರಿನ ಚೀಟಿ ಅಂಟಿಸೋಳು ನಾನು, ಒಂದು ಹೆಸರು ತಪ್ಪಿದ್ರೆ ಏನಾಗತ್ತೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿದ್ದ ಗುಮಾಸ್ತೆ ಒಳ್ಳೇ ಹೆಂಗಸು. ಇವರ ಅರ್ಧ ಗಂಟೆಯ ವಿವರಣೆಯನ್ನ ಪೂರ್ತಿ ಕೇಳಿದ್ರು. ಕೇಳಿ, ಕಪಾಟಿಂದ ಒಂದು ಹಳೇ ಫೈಲ್ ತೆಗೆದ್ರು. ಮೊದಲನೇ ಸಲ ಪಟ್ಟಿಯನ್ನ ಕಂಪ್ಯೂಟರಿಗೆ ಹಾಕಿದಾಗಿನ ಫೈಲು. ಕೊನೇ ಹಾಳೆಯಲ್ಲಿ "ನಮೂದಿಸಿದವರು" ಅಂತಿತ್ತು, ಕೆಳಗೆ ಒಂದು ಸಹಿ.

ಆ ಸಹಿ ನನಗೆ ಗೊತ್ತು. ನಮ್ಮ ಮದುವೆ ಕಾಗದದಲ್ಲಿ ನನ್ನ ಸಹಿಯ ಪಕ್ಕದಲ್ಲಿರೋದು ಅದೇ.

ಇವರು ಫೈಲ್ ನೋಡ್ತಾನೇ ಇದ್ರು. ಕಿವಿ ಕೆಂಪಗಾಗಿತ್ತು. ಆಗ ನೆನಪಾಯ್ತು ನನಗೆ, ನಮ್ಮ ನಡುಮನೆಯ ಗೋಡೆ ಗಡಿಯಾರ. "ಅತಿ ವೇಗದ ನಮೂದಿಗಾಗಿ" ಅಂತ ಕೆಳಗೆ ತಗಡಿನ ಮೇಲೆ ಬರೆದಿರೋದು. ಇಪ್ಪತ್ತೆರಡನೇ ವಯಸ್ಸಿನಲ್ಲಿ ವಾರ್ಡ್ ಆಫೀಸಿನವರು ಕೊಟ್ಟಿದ್ದು ಅಂತ ಬಂದವರಿಗೆಲ್ಲ ತೋರಿಸ್ತಾರೆ. ಇವತ್ತಿಗೂ ಏಳು ನಿಮಿಷ ಮುಂದೆ ಓಡತ್ತೆ.

"ಸರ್, ಒಬ್ಬೊಬ್ಬರೇ ಅರ್ಜಿ ಹಾಕಿದ್ರೆ ಒಬ್ಬೊಬ್ಬರ ವಿಚಾರಣೆ ಆಗಬೇಕು" ಅಂದ್ರು ಗುಮಾಸ್ತೆ. "ಅದು ಚುನಾವಣೆ ಮುಗಿದ ಮೇಲೇನೇ. ಆದ್ರೆ ನಮೂದು ಮಾಡಿದವರೇ, ತಪ್ಪು ನನ್ನದು, ಹೀಗೆ ಆಯ್ತು ಅಂತ ಕೈಬರಹದಲ್ಲಿ ಬರ್ಕೊಟ್ರೆ ನಾನೂರ ಹನ್ನೆರಡನ್ನೂ ಒಟ್ಟಿಗೆ ತಿದ್ದಬಹುದು. ಶನಿವಾರ ಒಂದು ಗಂಟೆ ಕೊನೆ. ಪ್ರತಿಯನ್ನ ನೋಟಿಸ್ ಬೋರ್ಡಿಗೆ ಹಾಕಬೇಕಾಗತ್ತೆ, ನಿಯಮ."

"ಯೋಚನೆ ಮಾಡಿ ಬರ್ತೀನಿ" ಅಂದ್ರು ಇವರು.

ಮನೆಗೆ ಹೋಗ್ತಿದ್ದ ಹಾಗೆ ಹೇಳ್ತಾರೆ ಅನ್ಕೊಂಡೆ. ಹೇಳಲಿಲ್ಲ. ಏನಾಯ್ತೋ ಅಂತ ಅತ್ತೆ ಕೇಳಿದ್ದಕ್ಕೆ, "ಸರ್ವರ್ ಡೌನ್ ಇತ್ತಮ್ಮ" ಅಂದ್ರು. ಸರ್ವರ್ ಡೌನ್ ಅಂತ ಸುಳ್ಳು ಹೇಳೋ ಆಫೀಸುಗಳ ಬಗ್ಗೆ ಒಂದು ಸಲ ಎರಡು ಪುಟ ಬರೆದಿದ್ದ ಮನುಷ್ಯ.

ಶುಕ್ರವಾರ ಸಂಜೆ ನನ್ನ ತಾಳ್ಮೆ ಕಿತ್ತು ಹೋಯ್ತು. ಬಟ್ಟೆ ಮಡಿಸ್ತಾ ಇದ್ದವಳು ಕೇಳಿಯೇಬಿಟ್ಟೆ.

"ರೀ, ನಾಳೆ ಹೋಗ್ತೀರೋ ಇಲ್ವೋ?"

"ಆ ಗ್ರೂಪ್ ನೋಡಿದೀಯಾ? ಆಪರೇಟರ್ ಸಿಕ್ಕಿದ್ರೆ ಮುಖಕ್ಕೆ ಮಸಿ ಬಳೀತೀವಿ ಅಂತಿದಾರೆ. ಅವನು ಯಾವ ಪಕ್ಷದ ದುಡ್ಡು ತಿಂದಿದ್ದ ಅಂತ ಕೇಳ್ತಿದಾರೆ."

"ಅದಕ್ಕೆ ಒಗ್ಗರಣೆ ಹಾಕಿದವರು ಯಾರು? ಅರೆಬೆಂದ ಆಪರೇಟರ್ ಅಂತ ಬರೆದವರು ನೀವು."

"ಆಗ ಕನ್ನಡಕ್ಕೆ ಸರಿಯಾದ ಕೀಬೋರ್ಡೇ ಇರಲಿಲ್ಲ ಕಣೇ. ನಾನೇ ಚೀಟಿ ಕತ್ತರಿಸಿ ಕೀಲಿಗಳ ಮೇಲೆ ಅಂಟಿಸಿ ಒಂದು ಮಾಡ್ಕೊಂಡಿದ್ದೆ. ಅಕ್ಷರದ ಸೊನ್ನೆಗೆ ಎರಡು ಕೀಲಿ ಒತ್ತಬೇಕಿತ್ತು, ಅಂಕಿಗೆ ಒಂದೇ. ಆರು ಸಾವಿರ ಹೆಸರು. ಪ್ರಿಂಟಲ್ಲಿ ಏನೂ ವ್ಯತ್ಯಾಸ ಕಾಣ್ತಿರಲಿಲ್ಲ. ಆಮೇಲೆ ಮೂರು ಸಲ ಸಾಫ್ಟ್‌ವೇರ್ ಬದಲಾಯ್ತು, ಪಟ್ಟೀನೂ ಹೊಸದಾಗಿ ಟೈಪ್ ಮಾಡಿಸಿರ್ತಾರೆ ಅಂತಾನೇ ಅನ್ಕೊಂಡಿದ್ದೆ. ಒಬ್ಬನಾದ್ರೂ ಪರೀಕ್ಷೆ ಮಾಡಬೇಡವಾ? ನನ್ನೊಬ್ಬನದ್ದೇ ತಪ್ಪಾ ಇದು?"

"ನಿಮ್ಮೊಬ್ಬರದ್ದೇ ಅಂತ ಯಾರಂದ್ರು? ಆದ್ರೆ ತಿದ್ದೋಕೆ ಆಗೋದು ನಿಮ್ಮೊಬ್ಬರಿಗೇ."

ಅವರು ನನ್ನ ಕಡೆ ನೋಡದೆ ಒಂದು ಮಾತು ಅಂದ್ರು. ಆ ಮಾತಿಗೆ ನಾನು ಅವರನ್ನ ಇನ್ನೂ ಪೂರ್ತಿ ಕ್ಷಮಿಸಿಲ್ಲ.

"ಹೆಸರು ಓದಿ ಹೇಳ್ತಿದ್ದದ್ದು ಅಮ್ಮ. ಅವಳ ರಿಜಿಸ್ಟರು ತಾನೇ. ಅವಳು 'ಸೊನ್ನೆ' ಅಂತಿದ್ಲು, ನಾನು ಸೊನ್ನೆ ಒತ್ತಿದೆ."

ಬಾಗಿಲ ಹತ್ರ ಸದ್ದಾಯ್ತು. ಅತ್ತೆ ನಿಂತಿದ್ರು, ಕೈಯಲ್ಲಿ ಅವರ ಮಾತ್ರೆ ಡಬ್ಬಿ. ಎಷ್ಟು ಹೊತ್ತಿಂದ ನಿಂತಿದ್ರೋ ಗೊತ್ತಿಲ್ಲ. ಅವರು ಸಿಟ್ಟಾಗ್ತಾರೆ ಅನ್ಕೊಂಡೆ. ಸಿಟ್ಟು ಇರಲಿಲ್ಲ, ನಿಧಾನವಾಗಿ ಬಂದು ಕುರ್ಚಿ ಮೇಲೆ ಕೂತ್ರು.

"ನಾನು ಅಂದಿದ್ದು ಅಕ್ಷರ ಕಣೋ. ಮೂವತ್ತಾರು ವರ್ಷ ಮಕ್ಕಳಿಗೆ ಅದನ್ನೇ ಸೊನ್ನೆ ಅಂತ ಹೇಳಿಕೊಟ್ಟಿದೀನಿ, ಒಂದು ಮಗುವೂ ಅಂಕಿ ಬರೀಲಿಲ್ಲ. ನೀನು ಒತ್ತೋದು ನೋಡಿ ನಾನು ಕೇಳಿದ್ದೆ, ನೆನಪಿದೆಯಾ? ಇದೇನೋ ಅಂಕಿ ಕೀಲಿ ಒತ್ತುತಾ ಇದೀಯಲ್ಲ ಅಂತ. ನೀನೇನಂದೆ?"

ಇವರು ತಲೆ ತಗ್ಗಿಸಿದ್ರು.

"ಹೇಳು."

"ಕಾಣೋಕೆ ಎರಡೂ ಒಂದೇ ಅಮ್ಮ, ಅಂದಿದ್ದೆ."

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಜೀವಮಾನವಿಡೀ ಊರಿಗೆಲ್ಲ ಬುದ್ಧಿ ಹೇಳಿದ ಮನುಷ್ಯ, ಐವತ್ತರ ಹತ್ತಿರ ಬಂದವರು, ಹೋಂವರ್ಕ್ ಮಾಡದ ಹುಡುಗನ ಥರ ಅಮ್ಮನ ಮುಂದೆ ನಿಂತಿದ್ರು.

"ನೀನು ಬೇಗ ಮುಗಿಸಿದೆ ಅಂತ ಆವತ್ತು ನಾನೂ ಹೆಮ್ಮೆ ಪಟ್ಟೆ" ಅಂದ್ರು ಅತ್ತೆ. "ಅದಕ್ಕೇ ಬಾಯಿ ಮುಚ್ಕೊಂಡೆ. ತಿದ್ದಬೇಕಾದೋಳು ತಿದ್ದಲಿಲ್ಲ. ಈಗ ನನ್ನ ಹೆಸರು ಬಿಡು, ಆ ನಾನೂರು ಜನರ ಮನೆ ಬಾಗಿಲು ತಟ್ಟಿದವಳು ನಾನು. ಅವರು ನನ್ನನ್ನ ನಂಬಿ ಹೆಸರು ಹೇಳಿದ್ರು. ನಾಳೆ ಬೆಳಗ್ಗೆ ಹಾಳೆ ತಗೊಂಡು ಕೂತ್ಕೋ."

ಶನಿವಾರ ಅಡುಗೆಮನೆ ಮೇಜಿನ ಮೇಲೆ ಇವರು ಬರೆದ್ರು. ಕೈಯಲ್ಲಿ ಬರೆದು ಎಷ್ಟು ವರ್ಷ ಆಗಿತ್ತೋ, ಅಕ್ಷರ ಕೋಳಿ ಕೆದಕಿದ ಹಾಗೆ. ಎರಡು ಹಾಳೆ ಹರಿದು ಹಾಕಿದ್ರು. ಕಾಲದ ದೋಷ, ಸೌಲಭ್ಯದ ಕೊರತೆ ಅಂತೆಲ್ಲ ಶುರು ಮಾಡಿದ್ದನ್ನ ಅತ್ತೆ ಕೆಂಪು ಪೆನ್ನಿಂದ ಹೊಡೆದು ಹಾಕಿದ್ರು. ಕೊನೆಗೆ ಉಳಿದದ್ದು ಐದು ಸಾಲು. ಬೇಗ ಮುಗಿಸೋ ಆಸೆಗೆ ನಾನೇ ಹೀಗೆ ಮಾಡಿದೆ ಅಂತ. ಗಡಿಯಾರ ಹನ್ನೆರಡು ಗಂಟೆ ಅಂತು, ಅಂದ್ರೆ ಹನ್ನೆರಡಕ್ಕೆ ಇನ್ನೂ ಏಳು ನಿಮಿಷ. ಓಡಿದ್ರು. ಗುಮಾಸ್ತೆ ಠಸ್ಸೆ ಒತ್ತಿದ್ರು. ಹೊರಗೆ ಬಂದು, ನೋಟಿಸ್ ಬೋರ್ಡಿನ ಮುಂದೆ ನಿಂತು, ಅದೇ ಹಾಳೆಯ ಫೋಟೋ ತೆಗೆದು ಇವರೇ ಗ್ರೂಪಿಗೆ ಹಾಕಿದ್ರು. ನಾನು ಹೇಳಿರಲಿಲ್ಲ.

ಆಮೇಲೆ ಬಂತು ನೋಡಿ. ಇದು ಬರೆಸಿದ ಹೇಳಿಕೆ, ನಿಜವಾದ ಪಿತೂರಿ ಮುಚ್ಚೋಕೆ ಇವನನ್ನ ಕೊಂಡ್ಕೊಂಡಿದಾರೆ ಅಂತ ಮೆಡಿಕಲ್ ಶಾಪಿನವರು. ನಾನು ಮೊದಲೇ ಹೇಳಿರಲಿಲ್ವಾ ಇವನು ಆ ಪಕ್ಷದವನು ಅಂತ ಎಂಜಿನಿಯರ್. ಅವರ ಹೆಂಡತಿಯ ಹೆಸರು ವಾಪಸ್ ಬರ್ತಿರೋದು ಯಾರಿಂದ ಅಂತ ಒಬ್ಬರಿಗೂ ಹೊಳೀಲಿಲ್ಲ. ಸಂಜೆ ಹೊತ್ತಿಗೆ ಇವರನ್ನ ಗ್ರೂಪಿಂದ ತೆಗೆದುಹಾಕಿದ್ರು. ನನಗೆ ಎಷ್ಟು ಸಿಟ್ಟು ಬಂತು ಅಂದ್ರೆ, ನಾನೂ ಬಿಟ್ಟು ಬಂದೆ. ಬರೋ ಮೊದಲು ಎಂಜಿನಿಯರ್‌ಗೆ ಒಂದು ಗುಲಾಬಿ ಹೂವಿನ ಚಿತ್ರ ಕಳಿಸಿದೆ.

ಮುಂದಿನ ಶುಕ್ರವಾರ ಅಂತಿಮ ಪಟ್ಟಿ ಬಂತು. ಇವರು ಲ್ಯಾಪ್‌ಟಾಪ್ ತಂದು ಅಮ್ಮನ ಮುಂದಿಟ್ರು, ನೀನೇ ಹುಡುಕು ಅಂದ್ರು. ಅತ್ತೆ ಒಂದೇ ಬೆರಳಲ್ಲಿ, ಕೀಲಿ ಹುಡುಕಿ ಹುಡುಕಿ, ತಮ್ಮ ಹೆಸರು ಒತ್ತೋಕೆ ಶುರು ಮಾಡಿದ್ರು. ಮಧ್ಯದಲ್ಲಿ ನಿಂತ್ರು.

"ಇಲ್ಲಿ ಸೊನ್ನೆ ಬರತ್ತೆ. ಯಾವುದು ಒತ್ತಲೋ?"

ಅಕ್ಷರ, ಅಂಕಿ, ಸಂಕೇತ, ಇತಿಹಾಸ, ಎಲ್ಲ ಸೇರಿ ಕಮ್ಮಿ ಅಂದ್ರೆ ಅರ್ಧ ಗಂಟೆಯ ಉತ್ತರ ಇದೆ ಆ ಪ್ರಶ್ನೆಗೆ. ಇವರು ಅಮ್ಮನ ಬೆರಳು ಹಿಡಿದು ಎರಡು ಕೀಲಿಯ ಮೇಲೆ ಇಟ್ರು, ಒಂದಾದ ಮೇಲೆ ಒಂದು.

"ಇದು, ಅಮ್ಮ. ಎರಡೂ ಕೀಲಿ ಒತ್ತಬೇಕು."

ಪುಟ ತೆರೆದುಕೊಂಡಿತು. ಹೆಸರು, ವಯಸ್ಸು, ಮನೆ ನಂಬರು. ಅತ್ತೆ ಭೂತಗನ್ನಡಿ ತಗೊಂಡು ಎರಡು ಸಲ ಓದಿದ್ರು.

"ಇದೀನಿ" ಅಂದ್ರು. ಆಮೇಲೆ ನನ್ನ ಕಡೆ ತಿರುಗಿ, ಓಟಿನ ದಿನಕ್ಕೆ ಯಾವ ಬಟ್ಟೆ ಇಸ್ತ್ರಿಗೆ ಕೊಡಬೇಕು ಅಂತ ಹೇಳೋಕೆ ಶುರು ಮಾಡಿದ್ರು. ಇವರು ಎದ್ದು ಹೋಗಿ ಗೋಡೆ ಗಡಿಯಾರವನ್ನ ಇಳಿಸಿ, ಏಳು ನಿಮಿಷ ಹಿಂದಕ್ಕೆ ತಿರುಗಿಸಿದ್ರು.